ಮಿಲ್ ಹಿಲ್‌ನ ಹೋರಿಗೆ ಗೋಗ್ರಾಸ

ಅಮ್ಮ ಕುಂದಾಪುರದಿಂದ ಲಂಡನ್ನಿಗೆ ಬಂದ ಮೂರನೇ ದಿನ ಬೆಳಿಗ್ಗೆ, ಚಹಾದ ಲೋಟ ಕೆಳಗಿಡುತ್ತ, “ಹೆಣೆ, ಇಲ್ಲಿ ದನ ಎಲ್ಲ್ ಸಿಕ್ಕತ್ತ್?” ಎಂದು ಕೇಳಿದಳು. ಹಾಲು ಬೇಕಿದ್ದರೆ ಫ್ರಿಜ್ಜಿನಲ್ಲಿದೆ ಎಂದೆ. “ಹಾಲಲ್ಲ, ದನ” ಎಂದಳು.

ಅದು ತೊಂಬತ್ತರ ದಶಕದ ಕೊನೆ. ಹುಚ್ಚು ದನದ ರೋಗದ ಗಲಾಟೆ ಇನ್ನೂ ಆರಿರಲಿಲ್ಲ. ಕಿಂಗ್ಸ್‌ಬರಿಯ ನಮ್ಮ ರಸ್ತೆಯಲ್ಲಿ ಬೆಕ್ಕಿತ್ತು, ನರಿಯಿತ್ತು, ಹಗಲಿಡೀ ಬೊಗಳುವ ಎರಡು ನಾಯಿಗಳಿದ್ದವು. ದನವನ್ನು ನಾನು ಎಲ್ಲಿಂದ ತರಲಿ? ಬೆಳಗಿನ ಹೊತ್ತು ನನಗೆ ಮೊದಲೇ ಸಿಡುಕು. ಆ ದಿನಗಳಲ್ಲಿ ವಾಂತಿ ಬೇರೆ. ಅಮ್ಮನ ಮೇಲೆ ರೇಗಿಬಿಟ್ಟೆ. ಅವಳು ನನ್ನ ಹೊಟ್ಟೆಯನ್ನೇ ನೋಡಿದಳು.

ಆ ನೋಟದ ಅರ್ಥ ನನಗೆ ಗೊತ್ತಿತ್ತು. ಅದಕ್ಕಿಂತ ಮೊದಲು ಎರಡು ಸಲ ನನ್ನ ಬಸಿರು ನಿಂತಿತ್ತು, ಎರಡು ಸಲವೂ ಐದನೇ ತಿಂಗಳಲ್ಲಿ ಹೋಗಿತ್ತು. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ ಕಾರಣ ಕಾಣುವುದಿಲ್ಲ ಎಂದಿದ್ದರು. ನನ್ನ ಗಂಡ ಸ್ವತಃ ಡಾಕ್ಟರ್, ಧಾರವಾಡದವರು. ಅವರೂ ಅದನ್ನೇ ಇನ್ನಷ್ಟು ಮೆತ್ತಗೆ ಹೇಳಿದ್ದರು. ಕಾರಣವಿಲ್ಲದ ಸಾವನ್ನು ಎಷ್ಟು ಮೆತ್ತಗೆ ಹೇಳಿದರೇನು. ಈಗ ಮೂರನೆಯದು ನಾಲ್ಕು ತಿಂಗಳು ಮುಗಿಸಿತ್ತು. ಅಮ್ಮ ಆರು ತಿಂಗಳ ವೀಸಾ ಹಿಡಿದು ಬಂದದ್ದು ಅದನ್ನು ಕಾಯಲಿಕ್ಕೆ.

ಊರಿಂದ ಹೊರಡುವ ಮೊದಲೇ ಅವಳು ಹರಕೆ ಹೊತ್ತಾಗಿತ್ತು. ಒಂದು ಮಂಡಲ ಗೋಗ್ರಾಸ ಕೊಡುವುದು, ಅಂದರೆ ನಲವತ್ತೆಂಟು ದಿನ, ಮನೆಯವರು ಉಣ್ಣುವ ಮೊದಲು ದನಕ್ಕೆ ತುತ್ತಿಡುವುದು. “ಒಂದೇ ದನಕ್ಕೆ ಕೊಡ್ಕ್. ಕೈಯಾರೆ ಕೊಡ್ಕ್. ಒಂದ್ ದಿನಾನೂ ತಪ್ಪುಕಾಗ” ಎಂದು ನಿಯಮ ಒಪ್ಪಿಸಿದಳು. ದನ ಸಾಕುವ ದೇವಸ್ಥಾನವೊಂದು ಲಂಡನ್ನಿನಾಚೆ ಇತ್ತು ನಿಜ. ಆದರೆ ದಿನಾ ಅಲ್ಲಿಗೆ ಹೋಗಿ ಬಂದು, ನಾನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಒಂಬತ್ತಕ್ಕೆ ಮುಟ್ಟುವುದು ಆಗದ ಮಾತು. “ಏನಾಗ್ತದ, ಹತ್ರ ಎಲ್ಲ್ಯಾರ ನೋಡು. ಬೆಳಗಿನ ಗಾಳಿ ಛಲೋ” ಎಂದು ಗಂಡ ಕೈತೊಳೆದುಕೊಂಡರು. ನಂಬಿಕೆಯಿಲ್ಲದವರಿಗೆ ಉದಾರವಾಗಿರುವುದು ಸುಲಭ. ನನಗೂ ನಂಬಿಕೆ ಇರಲಿಲ್ಲ. ಹೆದರಿಕೆ ಇತ್ತು.

ಮಿಲ್ ಹಿಲ್ ದಾಟಿ ಕಾಲು ಗಂಟೆ ಕಾರು ಓಡಿಸಿದರೆ ಮನೆಗಳು ಮುಗಿದು ಬೇಲಿಗಳು ಶುರುವಾಗುತ್ತವೆ. ಅದೂ ಲಂಡನ್ನೇ, ಆದರೆ ಹುಲ್ಲುಗಾವಲು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆರೂವರೆಗೆ ಅಲ್ಲಿನ ಒಂದು ಗೇಟಿನ ಬಳಿ ಕಾರು ನಿಲ್ಲಿಸಿದೆವು. ಸೀರೆಯ ಮೇಲೆ ಅಳಿಯನ ಹಳೆಯ ಕೋಟು, ಕಾಲಿಗೆ ನನ್ನ ರಬ್ಬರ್ ಬೂಟು ಹಾಕಿಕೊಂಡ ಅಮ್ಮ ಬುತ್ತಿ ಹಿಡಿದು ಇಳಿದಳು. ಬುತ್ತಿಯಲ್ಲಿ ಅನ್ನ, ಬೆಲ್ಲ, ಒಂದು ಬಾಳೆಹಣ್ಣು.

ಮಂಜು ಸೊಂಟದ ಮಟ್ಟಕ್ಕೆ ನಿಂತಿತ್ತು. ಹೊಲದಲ್ಲಿ ಏನೂ ಕಾಣುತ್ತಿರಲಿಲ್ಲ. ದೂರದ ಮೋಟಾರು ದಾರಿಯ ಮೊರೆತವೊಂದು ಬಿಟ್ಟರೆ ಸದ್ದಿಲ್ಲ. ನಾನು ಗೇಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತಾಗಿರಬೇಕು, ಮಂಜಿನ ಮೇಲೆ ಒಂದು ಮುಖ ಬಂತು. ಕಾಲಿಲ್ಲ, ಮೈಯಿಲ್ಲ, ಬರೀ ಮುಖ. ಆಮೇಲೆ ಇನ್ನೊಂದು. ಹೀಗೆ ಹತ್ತೊಂಬತ್ತು ಮುಖಗಳು ಬೇಲಿಯುದ್ದಕ್ಕೂ ಸಾಲಾಗಿ ಬಂದು ನಿಂತವು. ಒಂದೂ ಕೂಗಲಿಲ್ಲ, ಕತ್ತಿನಲ್ಲಿ ಗಂಟೆಯಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ನಮ್ಮೂರಿನ ದನಗಳು ಮನುಷ್ಯರನ್ನು ಕಂಡರೆ ಒಂದೋ ತಲೆ ಅಲ್ಲಾಡಿಸುತ್ತವೆ, ಇಲ್ಲ ‘ಅಂಬಾ’ ಎನ್ನುತ್ತವೆ. ಇವು ನಮ್ಮನ್ನು ನೋಡುತ್ತ ನಿಂತೇ ಇದ್ದವು. ಕಾರಿಗೆ ವಾಪಸು ಹೋಗೋಣ ಎಂದು ನನಗನಿಸಿತು.

ಅಮ್ಮನಿಗೆ ಹಾಗೇನೂ ಅನಿಸಿದಂತಿರಲಿಲ್ಲ. ಅಂಗಡಿಯಲ್ಲಿ ಸೀರೆ ಆರಿಸುವವಳಂತೆ ಸಾಲನ್ನು ಒಂದು ತುದಿಯಿಂದ ನೋಡಿ, ಸಾಲಿನಿಂದ ಒಂದು ಹೆಜ್ಜೆ ಹಿಂದೆ ನಿಂತ ಕೆಂಚು ಮೈಯ, ಬಿಳಿ ಮುಖದ ಒಂದನ್ನು ತೋರಿಸಿದಳು. “ಕಾಣ್, ಅದ್ ನುಗ್ಗತ್ತಿಲ್ಲ. ಅದಕ್ಕೇ ಕೊಡುವ.”

“ಅಮ್ಮ, ಅದ್ ಹಸುವಲ್ಲ, ಹೋರಿ. ಬೀಜ ಒಡ್ಸಿದ್ದ್” ಎಂದೆ.

“ಗೋವು ಅಂದ್ರೆ ಗೋವು. ಭಟ್ರತ್ರ ಕೇಂಡಿದೆ, ಹೋರಿಯಾದ್ರೂ ಅಡ್ಡಿಲ್ಲ ಅಂದ್ರ್” ಎಂದಳು. ಸಾವಿರಾರು ಮೈಲಿ ಆಚೆ ಕೂತ ಭಟ್ಟರನ್ನು ಯಾವಾಗ ಕೇಳಿದಳೋ, ನನ್ನ ಫೋನಿನ ಬಿಲ್ಲಿಗೇ ಗೊತ್ತು.

ಬುತ್ತಿ ಬಿಚ್ಚುವಷ್ಟರಲ್ಲಿ ಬಕೆಟ್ ಹಿಡಿದ ಮುದುಕನೊಬ್ಬ ಬೇಲಿಯ ಪಕ್ಕದಿಂದ ಬಂದ. ದನಗಳ ಯಜಮಾನ. ಅವನು ಸಿಟ್ಟಾಗಲಿಲ್ಲ, ಆದರೆ ಅನ್ನ ಕಂಡದ್ದೇ ಕೈ ಅಡ್ಡ ಹಿಡಿದ. “ಅಡುಗೆಮನೆಯದ್ದು ಏನೂ ಬೇಡ, ಲವ್. ಒಂದು ಅಗುಳೂ ಬೇಡ” ಎಂದ; ಅಲ್ಲಿನ ಮುದುಕರು ಎಲ್ಲ ಹೆಂಗಸರನ್ನೂ ‘ಲವ್’ ಎಂದೇ ಕರೆಯುತ್ತಾರೆ. ಹುಚ್ಚು ದನದ ರೋಗ ಬಂದ ಮೇಲೆ ಅವನಿಗೆ ಎಲ್ಲದರ ಮೇಲೂ ಹೆದರಿಕೆ. ನಾನು ಹರಕೆಯ ವಿಷಯ ಹೇಳಿದೆ; ಹೇಳುವಾಗ ನಾಚಿಕೆಯಾಯಿತು, ಹೊಟ್ಟೆಯ ವಿಷಯವನ್ನೂ ಹೇಳಿದೆ. ಅವನು ಅಮ್ಮನನ್ನು ನೋಡಿದ, ಬೂಟುಗಳನ್ನು ನೋಡಿದ, ತನ್ನ ಬಕೆಟನ್ನೇ ಮುಂದೆ ಚಾಚಿದ. ಒಳಗೆ ಹೆಬ್ಬೆಟ್ಟಿನ ಗಾತ್ರದ ಕಂದು ಉಂಡೆಗಳು. ಹಿಂಡಿಯನ್ನು ಒತ್ತಿ ತುಂಡು ಮಾಡಿದ ಹಾಗಿದ್ದವು. ಅವನು ಅದನ್ನು ‘ನಟ್ಸ್’ ಎನ್ನುತ್ತಿದ್ದ.

ಆಗಸ್ಟ್ ದಾಟಿದ ಮೇಲಿನ ಹುಲ್ಲು ನೋಡಲಿಕ್ಕೆ ಹಸಿರು, ಒಳಗೆ ಬರೀ ನೀರು ಎಂದು ಅವನು ವಿವರಿಸಿದ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೆಳೆಯುವ ಹೋರಿಗೆ ಮೇಲಿಂದ ಇಷ್ಟು ಕೊಡಲೇಬೇಕು. ದಿನಾ ಬೆಳಿಗ್ಗೆ ಅವನು ಆ ಉಂಡೆಗಳನ್ನು ಬೇಲಿಯ ಪಕ್ಕದ ಉದ್ದನೆಯ ಮೇವಿನ ದೋಣಿಗಳಿಗೆ ಸುರಿಯುತ್ತಿದ್ದ. ನಾವು ಬೇಕಾದರೆ ನಮ್ಮ ಹೋರಿಗೆ ಕೈಯಾರೆ ಕೊಡಬಹುದು.

ಅಮ್ಮ ಉಂಡೆಯೊಂದನ್ನು ಮೂಸಿ ನೋಡಿ, ಇದರಲ್ಲಿ ಎಂತೆಂತ ಇದೆ ಕೇಳು ಎಂದಳು. ಅವನು ಚೀಲ ತಂದು ತೋರಿಸಿದ. ಅದಕ್ಕೆ ಹೊಲಿದಿದ್ದ ಚೀಟಿಯನ್ನು ನಾನು ಕನ್ನಡದಲ್ಲಿ ಓದಿದೆ: ಬಾರ್ಲಿ, ಗೋದಿ ಬೂಸಾ, ಸಾಸಿವೆ ಜಾತಿಯ ಹಿಂಡಿ, ಕಬ್ಬಿನ ಕಾಕಂಬಿ, ಉಪ್ಪು, ಖನಿಜ. ಅಮ್ಮ ತಲೆಯಾಡಿಸಿದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮುದುಕ ಸುಳ್ಳು ಹೇಳಲಾಗದ ಮನುಷ್ಯ. ಮೊದಲೆಲ್ಲ ಇನ್ನೊಂದೂ ಇರುತ್ತಿತ್ತು, ಮೂಳೆ ಮಾಂಸದ ಪುಡಿ, ದನದ್ದೂ ಸೇರಿ; ರೋಗ ಹಬ್ಬಿದ್ದೇ ಅದರಿಂದ ಎಂದ. ಎಷ್ಟೋ ವರ್ಷ ತಾನೇ ಕೈಯಾರೆ ಸುರಿದಿದ್ದೇನೆ, ಅದೇನೆಂದು ತನಗೆ ಯಾರೂ ಹೇಳಿರಲಿಲ್ಲ ಎಂದ. ಹೀಗೆ ಹೇಳುವಾಗ ಅವನು ನಮ್ಮನ್ನಲ್ಲ, ದನಗಳನ್ನು ನೋಡುತ್ತಿದ್ದ.

ನಾನು ಅದನ್ನೂ ಅನುವಾದ ಮಾಡಿದೆ. ಏಕೆ ಮಾಡಿದೆನೋ. “ದನಕ್ಕೆ ದನವೇ ತಿನ್ಸಿದ್ರಾ?” ಎಂದು ಅಮ್ಮ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಲಿಯಾಚೆಯ ಹತ್ತೊಂಬತ್ತು ಮುಖಗಳನ್ನು ಅವಳು ಮತ್ತೊಮ್ಮೆ, ನಿಧಾನವಾಗಿ, ಪರಿಚಯದವರ ಮುಖ ಹುಡುಕುವ ಹಾಗೆ ನೋಡಿದಳು. ಆಮೇಲೆ ಕೈ ತುಂಬ ಉಂಡೆ ತೆಗೆದುಕೊಂಡು ಬಿಳಿ ಮುಖದ ಹೋರಿಯತ್ತ ಚಾಚಿದಳು. ಅದು ಉಳಿದವನ್ನು ದಾಟಿ ಬಂದು ತಿಂದಿತು. ಒಂದನೇ ದಿನ ಮುಗಿಯಿತು.

ಒಂದು ವಾರದೊಳಗೆ ನಮ್ಮ ಹೋರಿ ನಮಗಿಂತ ಮೊದಲು ಬಂದು ಗೇಟಿನ ಬಳಿ ನಿಂತಿರತೊಡಗಿತು. ಅದರಲ್ಲಿ ವಿಶೇಷವಿಲ್ಲ, ತಿಂಡಿ ಸಿಗುವ ಕಡೆ ನಾನೂ ಮೊದಲೇ ಹೋಗಿ ನಿಲ್ಲುತ್ತೇನೆ. ಆದರೆ ಮುದುಕ ಬೇರೆಯೇ ಹೇಳುತ್ತಿದ್ದ. ಉಳಿದ ಹದಿನೆಂಟು ಹೊಲದ ಆ ತುದಿಯ ಓಕ್ ಮರದ ಬುಡದಲ್ಲಿ ಮಲಗಿರುತ್ತವೆ. ತಾನು ಬಕೆಟ್ ಬಡಿಯುವವರೆಗೆ ಏಳುವುದಿಲ್ಲ. ಇದೊಂದು ಎದ್ದು ಬರುತ್ತದೆ. ನಿಮ್ಮ ಕಾರು ಕಿಂಗ್ಸ್‌ಬರಿಯಿಂದ ಹೊರಡುವ ಹೊತ್ತಿಗೆ ಏಳುತ್ತದೋ ಏನೋ ಎಂದು ನಗುತ್ತಿದ್ದ. ಅಮ್ಮ ಅದನ್ನು ಪೂರ್ತಿ ನಂಬಿದಳು.

ನನ್ನ ತಮಾಷೆ ಇಪ್ಪತ್ತೆರಡನೇ ದಿನಕ್ಕೆ ಮುಗಿಯಿತು. ಆ ದಿನ ಅಮ್ಮನಿಗೆ ನೆಗಡಿ. ಕಾರಿನಲ್ಲಿ ಕೂತಳು, ನಾನು ಉಂಡೆ ಹಿಡಿದು ಹೋದೆ. ಹೋರಿ ತಿಂದು ಮುಗಿಸಿ, ಕೈ ನೆಕ್ಕಿ, ಗೇಟಿನ ಕಂಬಿಗಳ ನಡುವೆ ಮುಖ ತೂರಿಸಿ ನನ್ನ ಹೊಟ್ಟೆಗೆ ಮೂತಿ ಒತ್ತಿ ನಿಂತಿತು. ಕೋಟಿನ ಮೇಲಿಂದಲೂ ಅದರ ಉಸಿರಿನ ಬಿಸಿ ತಿಳಿಯುತ್ತಿತ್ತು. ನಾನು ಅಲ್ಲಾಡಲಿಲ್ಲ. ಆಗ ಒಳಗೆ ಏನೋ ತಿರುಗಿತು. ಹಿಂದಿನ ಎರಡು ಸಲವೂ ಆ ಮಿಡುಕಾಟ ಬರುವ ಮೊದಲೇ ಎಲ್ಲ ಮುಗಿದಿತ್ತು. ಇದು ಅದೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಖುಷಿಯಾಗಬೇಕಿತ್ತು. ನನ್ನ ಬೆನ್ನು ತಣ್ಣಗಾಯಿತು. ಹೋರಿ ಕಿವಿ ಮುಂದೆ ಮಾಡಿ ಕೇಳಿಸಿಕೊಳ್ಳುತ್ತಿತ್ತು, ಅಥವಾ ನನಗೆ ಹಾಗೆ ಕಂಡಿತು. ಅಮ್ಮನಿಗೆ ಮಗು ಅಲ್ಲಾಡಿತು ಎಂದಷ್ಟೇ ಹೇಳಿದೆ. ಅವಳು ಕಾರಿನಲ್ಲೇ ಕೂತು ಅತ್ತಳು.

ಮೂವತ್ತಾರನೇ ದಿನ ಮುದುಕ ಬೇಲಿಯೊಳಗೆ ನಿಂತು ನಮ್ಮ ಹೋರಿಯ ಸೊಂಟದ ಮೇಲೆ, ಬಾಲದ ಬುಡದಲ್ಲಿ ಬೆರಳು ಒತ್ತಿ ನೋಡುತ್ತಿದ್ದ. “ನಿಮ್ಮವನು ಎಲ್ಲರಿಗಿಂತ ಮುಂದಿದ್ದಾನೆ” ಎಂದು ನನ್ನ ಕಡೆ ತಿರುಗಿದ. ದೋಣಿಯಲ್ಲಿ ತನ್ನ ಪಾಲು, ಮೇಲಿಂದ ಕೈತುತ್ತು. ಅದಕ್ಕೇ ಬೇಗ ತುಂಬಿಕೊಂಡಿದ್ದಾನೆ. ತಯಾರಾದವನ್ನು ಆರಿಸಿ ಮೊದಲ ಲಾರಿ ತಿಂಗಳ ಕೊನೆಯಲ್ಲಿ ಹೋಗುತ್ತದೆ, ಇವನು ಅದರಲ್ಲಿ ಹೋಗುತ್ತಾನೆ. ಹೊಗಳುವ ದನಿಯಲ್ಲೇ ಹೇಳಿದ. ನಾವು ಒಳ್ಳೆಯ ಕೆಲಸ ಮಾಡಿದ್ದೇವೆ ಎಂಬುದು ಅವನ ಮಾತಿನ ಅರ್ಥ.

ದನ ಮಾಂಸಕ್ಕೆ ಹೋಗುತ್ತದೆ ಎಂದು ನನಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಈ ದೇಶದಲ್ಲಿ ಬೀಜ ಒಡೆಸಿದ ಹೋರಿಯನ್ನು ಗಾಡಿ ಎಳೆಯಲಿಕ್ಕೆ ಸಾಕುವುದಿಲ್ಲ. ಆದರೆ ಅದು ಮುಂದೆ ಯಾವಾಗಲೋ ಆಗುವಂಥದ್ದು, ನಮ್ಮ ಮಂಡಲ ಮುಗಿದು, ನಾವು ಬರುವುದು ನಿಲ್ಲಿಸಿ, ಮರೆತ ಮೇಲೆ ಆಗುವಂಥದ್ದು ಎಂದುಕೊಂಡಿದ್ದೆ. ನಾವು ಇಡುವ ತುತ್ತೇ ಅದನ್ನು ಲಾರಿಯ ಹತ್ತಿರ ತಳ್ಳುತ್ತಿದೆ ಎಂದು ಹೊಳೆದಿರಲಿಲ್ಲ. ಇವನನ್ನೊಬ್ಬನನ್ನು ಬಿಡಲಾಗುವುದಿಲ್ಲವೇ ಎಂದು ಕೇಳಿದೆ. ಮೂವತ್ತು ತಿಂಗಳು ದಾಟಿದ ದನದ ಮಾಂಸ ಮಾರುವಂತಿಲ್ಲ ಎಂದು ಸರಕಾರದ ಕಟ್ಟಳೆ ಬಂದಿದೆ, ಹಾಗೆ ದಾಟಿದರೂ ಕೊಂದು ಸುಡುತ್ತಾರೆ ಎಂದ. “ಬೇಕಾದರೆ ಕಡಿಮೆ ತಿನ್ನಿಸಿ. ಸ್ವಲ್ಪ ತಡವಾಗುತ್ತದೆ, ಅಷ್ಟೇ.”

“ಎಂತ ಅಂಬ್ರ್?” ಎಂದು ಅಮ್ಮ ಕೇಳಿದಳು.

“ಹೋರಿ ಲಾಯ್ಕ್ ಬೆಳ್ದಿತ್ ಅಂಬ್ರ್” ಎಂದೆ.

ಮಾರನೇ ದಿನದಿಂದ ನಾನೇ ತುತ್ತು ಕೊಡುತ್ತೇನೆ ಎಂದು ಬಕೆಟ್ ಹಿಡಿದೆ. ಅಮ್ಮನಿಗೆ ಬೆನ್ನು ಮಾಡಿ ನಿಂತು, ಬೊಗಸೆಯ ಬದಲು ನಾಲ್ಕೇ ನಾಲ್ಕು ಉಂಡೆ ಕೊಟ್ಟೆ. ಹೋರಿ ತಿಂದು, ತಲೆಯೆತ್ತಿ ನನ್ನನ್ನು ನೋಡಿತು. ಎರಡನೇ ದಿನವೂ ಹಾಗೇ ಮಾಡಿದೆ. ಅಂದು ಅದು ಕೈ ನೆಕ್ಕಲಿಲ್ಲ. ನಾವು ಹೊರಟ ಮೇಲೂ ಗೇಟು ಬಿಟ್ಟು ಕದಲಲಿಲ್ಲ. ಕಾರಿನ ಕನ್ನಡಿಯಲ್ಲಿ ತಿರುವಿನವರೆಗೂ ಅದರ ಬಿಳಿ ಮುಖ ಕಾಣುತ್ತಿತ್ತು. ಮೂರನೇ ದಿನವೂ ನಾಲ್ಕೇ ಉಂಡೆ ಕೊಟ್ಟು ಕೆಲಸಕ್ಕೆ ಹೋದೆ. ಅಂಗಡಿಯಲ್ಲಿ ಹತ್ತು ಗಂಟೆಗೆ ಟಾಯ್ಲೆಟ್ಟಿಗೆ ಹೋದಾಗ ರಕ್ತ ಕಂಡಿತು.

ಎಷ್ಟು ರಕ್ತ ಎಂದು ಆಮೇಲೆ ಆಸ್ಪತ್ರೆಯಲ್ಲಿ ಕೇಳಿದರು. ಒಂದು ರೂಪಾಯಿ ನಾಣ್ಯದಷ್ಟು. ನನಗೆ ಕಂಡದ್ದು ಅಷ್ಟೇ ಅಲ್ಲ, ಹಿಂದಿನ ಎರಡೂ ಸಲದ್ದು ಒಟ್ಟಿಗೆ ಕಂಡಿತು. ಸ್ಕ್ಯಾನ್ ಮಾಡಿದರು. ಮಗುವಿನ ಎದೆಬಡಿತ ಸರಿಯಾಗಿತ್ತು. ಹೀಗಾಗುವುದುಂಟು, ಮಲಗಿ ಎಂದು ಸಂಜೆ ಮನೆಗೆ ಕಳಿಸಿದರು. “ಅದಕ್ಕೂ ಇದಕ್ಕೂ ಏನ್ ಸಂಬಂಧ? ನೀ ಶಾಣ್ಯಾಕಿ ಇದ್ದಿ” ಎಂದರು ಗಂಡ, ಉಂಡೆಯ ವಿಷಯ ಅವರಿಗೊಬ್ಬರಿಗೆ ಹೇಳಿದ್ದೆ. ಸಂಬಂಧವಿಲ್ಲ, ನನಗೂ ಗೊತ್ತು ಎಂದೆ. ಔಷಧಿ ಅಂಗಡಿಯಲ್ಲಿ ನಿಂತು ಬೇರೆಯವರಿಗೆ ವಿವೇಕ ಹೇಳುವವಳು ನಾನು. ಮಲಗಿರಬೇಕಾದವಳು ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಕಾರು ತೆಗೆದು, ಹೋರಿಗೆ ಮೂರು ಬೊಗಸೆ ಕೊಟ್ಟೆ. ಅದರ ಮರುದಿನವೂ ಮೂರು. ಆಮೇಲೆ ದಿನಾ ಮೂರು. ಅದು ತಿನ್ನುತ್ತಿದ್ದಂತೆ ಅದರ ಬೆನ್ನು ಅಗಲವಾಗುವುದು ಕಣ್ಣಿಗೆ ಕಾಣುತ್ತಿದೆ ಎನಿಸುತ್ತಿತ್ತು. ರಕ್ತ ಮತ್ತೆ ಕಾಣಲಿಲ್ಲ.

ನಲವತ್ತೈದನೇ ದಿನ ಭಾನುವಾರ, ಚಳಿಗಾಲಕ್ಕೆಂದು ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ ಹೋದ ದಿನ. ನಮ್ಮ ಗಡಿಯಾರಕ್ಕೆ ಸರಿಯಾಗಿಯೇ ಹೋದೆವು. ಹೋರಿಯ ಲೆಕ್ಕದಲ್ಲಿ ಒಂದು ಗಂಟೆ ತಡ. ಅದು ನಿಂತಿದ್ದ ಕಡೆ ನೆಲ ಗೊರಸಿನಿಂದ ಕಿತ್ತು ಕೆಸರಾಗಿತ್ತು. ನನ್ನನ್ನು ಕಂಡ ಕೂಡಲೇ ಅದು ಉಂಡೆಗೆ ಬಾಯಿ ಹಾಕಲಿಲ್ಲ. ಮೊದಲು ಹೊಟ್ಟೆಗೆ ಮೂತಿಯಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, ಇದೆ ಎಂದು ಖಾತ್ರಿಯಾದ ಮೇಲೆ ತಿಂದಿತು. ನನಗೆ ಅದನ್ನು ಕಂಡರೆ ಪ್ರೀತಿಯೋ ಭಯವೋ ಎಂದು ಆಗ ಕೇಳಿದ್ದರೆ ಭಯ ಎನ್ನುತ್ತಿದ್ದೆ. ಮೂರೇ ದಿನ ಉಳಿದಿತ್ತು. ಲಾರಿ ಅದಕ್ಕಿಂತ ಮೊದಲು ಬಂದರೆ ಮಂಡಲ ಮುರಿಯುತ್ತದೆ. ನನ್ನ ಚಿಂತೆ ಅದೊಂದೇ ಆಗಿತ್ತು. ಹೋರಿಯದ್ದಲ್ಲ.

ನಲವತ್ತೆಂಟನೇ ದಿನ ನಾವು ಹೋಗುವಾಗ ಲಾರಿ ನಿಂತಿತ್ತು. ಹಿಂದಿನ ಹಲಗೆ ನೆಲಕ್ಕೆ ಇಳಿಸಿ, ಎರಡೂ ಕಡೆ ಕಬ್ಬಿಣದ ತಡಿಕೆ ಕಟ್ಟಿ ಓಣಿ ಮಾಡಿದ್ದರು. ಆರು ಹೋರಿಗಳು ಆಗಲೇ ಒಳಗಿದ್ದವು. ನಮ್ಮದು ಓಣಿಯ ಬಾಯಿಯಲ್ಲಿ ನಾಲ್ಕೂ ಕಾಲು ಊರಿ, ರಸ್ತೆಯ ಕಡೆ ಮುಖ ಮಾಡಿ ನಿಂತಿತ್ತು. ಮುದುಕನ ಕೈಯಲ್ಲಿ ಕೋಲಿತ್ತು, ಆದರೆ ಅವನು ಅದನ್ನು ಎತ್ತಿರಲಿಲ್ಲ.

“ನಿಮಗೋಸ್ಕರ ತಡೆದಿದ್ದೇನೆ. ನಿಮ್ಮ ತಾಯಿ ಬಕೆಟ್ ಹಿಡಿದು ಮೇಲೆ ಹೋದರೆ ಹಿಂದೆಯೇ ಹೋಗುತ್ತಾನೆ. ಹೊಡೆಯುವುದು ನನಗಿಷ್ಟವಿಲ್ಲ” ಎಂದ.

ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಚಳಿಗಾಲಕ್ಕೆ ಬೇರೆ ಹೊಲಕ್ಕೆ ಸಾಗಿಸುತ್ತಾರಂತೆ, ತುತ್ತು ಒಳಗೆ ಕೊಡಬೇಕಂತೆ ಎಂದೆ. ಅವಳ ಕೈಯಿಂದ ಬಕೆಟ್ ತೆಗೆದುಕೊಂಡು ನಾನೇ ಹಲಗೆ ಹತ್ತಿದೆ. ಆರು ತಿಂಗಳ ಬಸುರಿ, ಒಂದು ಕೈಯಲ್ಲಿ ತಡಿಕೆ ಹಿಡಿದು. ಹಿಂದೆ ಗೊರಸಿನ ಸದ್ದು ಬಂತು. ನಾನು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಒಳಗೆ ಕತ್ತಲು, ಒದ್ದೆ ಹುಲ್ಲಿನ ವಾಸನೆ, ತಡಿಕೆಯಾಚೆ ಆರು ಜೊತೆ ಕಣ್ಣು. ನಾನು ಬೊಗಸೆ ಚಾಚಿದೆ. ಹೋರಿ ಮೂರು ಬೊಗಸೆಯನ್ನೂ ಅವಸರವಿಲ್ಲದೆ ತಿಂದಿತು. ಮುದುಕ ಪಕ್ಕದ ಸಣ್ಣ ಬಾಗಿಲು ತೆರೆದು ನನ್ನನ್ನು ಕೈ ಹಿಡಿದು ಇಳಿಸಿಕೊಂಡ. ಹಲಗೆ ಮೇಲೆದ್ದಿತು. ಹೋರಿ ಒಂದು ಸಲವೂ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು.

ಲಾರಿ ತಿರುವು ದಾಟಿ ಹೋಗುವವರೆಗೂ ಅಮ್ಮ ಕೈಮುಗಿದು ನಿಂತಿದ್ದಳು. ಆಮೇಲೆ, “ಯಾವ್ ಹೊಲಕ್ಕೆ?” ಎಂದಳು.

ನಾನು ಕಾರಿನ ಕೀಲಿ ಹುಡುಕತೊಡಗಿದೆ.

“ನಂಗೆ ಇಂಗ್ಲಿಷ್ ಬತ್ತಿಲ್ಲ ಹೆಣೆ. ಲಾರಿ ಕಂಡ್ರೆ ಗೊತ್ತಾತ್ತ್” ಎಂದಳು. ನನ್ನ ಕೋಟಿಗೆ ಹತ್ತಿದ್ದ ಉಂಡೆಯ ಪುಡಿಯನ್ನು ಸೆರಗಿನಿಂದ ಒರೆಸಿದಳು. “ನೀ ಮೂರ್ ದಿನ ಕಡಿಮೆ ಕೊಟ್ಟದ್ದೂ ಕಂಡಿದೆ. ಮೂರನೇ ದಿನ ಎಂತ ಆಯ್ತ್ ಅಂದೂ ಕಂಡಿದೆ. ಪಾಪ ಬಂದ್ರೆ ನಂಗೆ ಬರ್ಲಿ. ನಿನ್ ಹೊಟ್ಟಿಗೆ ಎಂತ ಆಪುಕಾಗ.”

ಬೇಲಿಯಾಚೆ ಹನ್ನೆರಡು ಉಳಿದಿದ್ದವು. ಮುದುಕ ಇನ್ನೂ ಬಕೆಟ್ ಬಡಿದಿರಲಿಲ್ಲ. ಅವುಗಳಲ್ಲಿ ಒಂದು, ಹಣೆಯ ಮೇಲೆ ಸುಳಿಯಿದ್ದ ಕರಿಯದು, ಓಕ್ ಮರದ ಬುಡದಿಂದ ಎದ್ದು, ನೇರವಾಗಿ ನಮ್ಮ ಕಡೆ ನಡೆದು ಬರುತ್ತಿತ್ತು. ಅಮ್ಮ ಅದನ್ನು ತಲೆಯಿಂದ ಬಾಲದವರೆಗೆ ನೋಡಿದಳು.

“ಹೆರಿಗೆ ತನ್ಕ ಇನ್ನೊಂದ್ ಮಂಡಲ ಆತ್ತ್” ಎಂದಳು. “ನಾಳೆಯಿಂದ ಅದಕ್ಕೆ ಕೊಡುವ.”

ಬೇಡ ಎನ್ನಬೇಕಿತ್ತು. ಎಲ್ಲ ತಿಳಿದವಳು, ಓದಿದವಳು, ಸಿಡುಕಿ. ಬೇಡ ಎಂಬ ಶಬ್ದ ನನ್ನ ಬಾಯಿಗೆ ಬಂದಷ್ಟು ಸಲೀಸಾಗಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಈಗಿನ ಗಡಿಯಾರಕ್ಕೆ ಎಷ್ಟು ಗಂಟಿಗೆ ಬಪ್ಪ?” ಎಂದು ಕೇಳಿದೆ.

ಕರಿಯ ಹೋರಿ ಡಿಸೆಂಬರಿನಲ್ಲಿ ಹೋಯಿತು. ಅದನ್ನೂ ನಾನೇ ಹತ್ತಿಸಿದೆ. ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು, ಏನೂ ತೊಂದರೆಯಿಲ್ಲದೆ. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ, ಮತ್ತೆ ಅಂಥ ದಿನ ಬಂದರೆ ಏನು ಮಾಡುತ್ತೀ ಎಂದು ಕೇಳುತ್ತಾಳೆ, ಬಕೆಟ್ ಹಿಡಿದು ಹೋಗುತ್ತೇನೆ ಎಂದೇ ನಾನು ಹೇಳಬೇಕಾಗುತ್ತದೆ.